ಸರ್ಪಸುತ್ತು ಶಾಸ್ತ್ರ: ವಿದ್ಯಾನಗರ ಸಿದ್ಧಾಂತದ ಪ್ರಥಮ ಪರಿಚ್ಛೇದ

ಮೈಮೇಲೆ ಹಾವೊಂದು ಸುತ್ತುತ್ತಿದೆ. ಅದರ ತಲೆ ಬಾಲವನ್ನು ಮುಟ್ಟಿದರೆ ರೋಗಿ ಉಳಿಯುವುದಿಲ್ಲ. ದಾವಣಗೆರೆಯ ವಿದ್ಯಾನಗರದಲ್ಲಿ ಈ ಪ್ರಮೇಯಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. 1965ರಿಂದಲೂ ಊರಿನಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ, ನಿಜ. ಆದರೆ ಸೊಂಟದ ಮೇಲೆ ಉರಿಗುಳ್ಳೆ ಸಾಲುಗಟ್ಟಿದ ದಿನ ಮೊದಲ ತಜ್ಞಾಭಿಪ್ರಾಯ ಬರುವುದು ಕಾಂಪೌಂಡಿನ ಆಚೆಯಿಂದ: “ಸರ್ಪಸುತ್ತು ಕಣ್ರೀ, ಕೆಮ್ಮಣ್ಣು ಹಚ್ಚಿಸ್ರಿ.”

ಇನ್ನು ಪ್ರಯೋಗವಿಧಿ. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಸಾಲಿನ ಎರಡೂ ತುದಿಗೆ ಗಡಿ ಕಟ್ಟುವಂತೆ ಬೆರಳಿನಿಂದ ಬಳಿಯಬೇಕು. ಒಣಗಿ ಬಿರುಕು ಬಿಟ್ಟರೆ ಮತ್ತೊಂದು ಲೇಪ. ಪಥ್ಯದಲ್ಲಿ ಬದನೆಕಾಯಿ ನಿಷಿದ್ಧ. ಬೆಣ್ಣೆದೋಸೆಯ ಬಗ್ಗೆ ಸ್ಥಳೀಯ ಪಂಡಿತರು ಜಾಣಮೌನ ತಾಳಿದ್ದಾರೆ.

ಅಂತರರಾಷ್ಟ್ರೀಯ ಸಾಕ್ಷ್ಯಕ್ಕೂ ಕೊರತೆಯಿಲ್ಲ. ಸುತ್ತು ಪೂರ್ತಿಯಾದರೆ ಸಾವು ಎಂಬ ನಂಬಿಕೆ ಐರ್ಲೆಂಡಿನಲ್ಲೂ ಇತ್ತು. ಅಲ್ಲಿನ ಜಾನಪದ ಆಯೋಗ 1937–39ರಲ್ಲಿ ಶಾಲಾಮಕ್ಕಳ ಕೈಯಲ್ಲಿ ಊರೂರಿನ ಹಿರಿಯರ ಮದ್ದುಗಳನ್ನು ಬರೆಸಿತು. ಈ ರೋಗಕ್ಕೆ ಆ ನಾಡು ನೆಚ್ಚಿದ್ದು ಕೆಯೋ ಮನೆತನದವರ ರಕ್ತವನ್ನು; ಅವರು ಸಿಗದಿದ್ದರೆ ಕರಿಬೆಕ್ಕಿನದು. ಈ ತೌಲನಿಕ ಅಧ್ಯಯನದಿಂದ ವಿದ್ಯಾನಗರದ ಬೆಕ್ಕುಗಳು ಕೆಮ್ಮಣ್ಣಿಗೆ ಎಷ್ಟು ಋಣಿಯಾಗಿರಬೇಕೆಂಬುದು ಸ್ಪಷ್ಟ. ಐರ್ಲೆಂಡಿನಲ್ಲಿ ಮದ್ದು ಕೊಟ್ಟವರಿಗೆ ದುಡ್ಡು ಕೊಡುವಂತಿಲ್ಲ, ಎಷ್ಟೋ ಕಡೆ ಥ್ಯಾಂಕ್ಸ್ ಕೂಡ ಹೇಳುವಂತಿಲ್ಲ. ಎಲೆ-ಅಡಿಕೆ, ತೆಂಗಿನಕಾಯಿಯ ಸಂಪ್ರದಾಯಕ್ಕೆ ಇದು ಅಪಾಯಕಾರಿ ಮಾದರಿ.

ಪೂರ್ವಪಕ್ಷ ವೈದ್ಯರದು. ಎಂದೋ ಬಂದುಹೋದ ಚಿಕನ್‌ಪಾಕ್ಸ್‌ನ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಅಡಗಿದ್ದು, ವಯಸ್ಸಾಗಿ ಕಸುವು ತಗ್ಗಿದಾಗ ಅದೇ ನರದ ಗುಂಟ ಹೊರಬರುತ್ತದೆ. ಆ ನರ ಹರಡಿರುವುದು ಮೈಯ ಒಂದೇ ಪಕ್ಕಕ್ಕೆ. ಹಾಗಾಗಿ ಗುಳ್ಳೆ ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ಎರಡರಿಂದ ನಾಲ್ಕು ವಾರಗಳಲ್ಲಿ ತಾನೇ ಒಣಗುತ್ತದೆ.

ಸಿದ್ಧಾಂತಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಹಾವು ದಾಟಲಾರದ ಕಡೆಯೇ ಗಡಿ ಹಾಕಿದ ಮದ್ದು ಸೋಲುವುದಾದರೂ ಹೇಗೆ! ಹರಿಹರ ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಹೊತ್ತಿಗೆ ಕೈ ಚಾಚಿ, ನಿಲ್ಲಿಸಿದ್ದು ತಾನೇ ಎಂದವನಷ್ಟೇ ಯಶಸ್ಸು ಕೆಮ್ಮಣ್ಣಿನದು.

ಒಂದೇ ತೊಡಕು. ವೈರಸ್ ತಡೆಯುವ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ. ಲೇಪ ಒಣಗುವುದನ್ನು ಕಾಯುತ್ತ ಕೂತವರ ಆ ಗಂಟೆಗಳು ಕಳೆದುಹೋಗುತ್ತವೆ. ಮಣ್ಣಿನಡಿಯ ಗುಳ್ಳೆ ಕೀವಾಗಲೂಬಹುದು. ಗುಳ್ಳೆ ಮಾಯ್ದ ಮೇಲೂ ಕೆಲವರಿಗೆ ನರದ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಹಣೆ, ಮೂಗಿನ ತುದಿಗೆ ಬಂದರಂತೂ ಕಣ್ಣಿಗೇ ಕುತ್ತು.

ದ್ವಿತೀಯ ಪರಿಚ್ಛೇದ ಪೇಂಟ್ ಡಬ್ಬಿಯಲ್ಲಿ ಬೆಳೆದ ದೊಡ್ಡಪತ್ರೆಗೆ ಮೀಸಲು. ಎಲೆ ಬಾಡಿಸಿ ಹಿಂಡಿದ ರಸ ಕೆಮ್ಮಿಗೆ. ಉಳಿದ ಎಲೆ ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿಗೆ. ಆದ್ದರಿಂದ ಅಲ್ಲಿ ಪೂರ್ವಪಕ್ಷವೇ ಹುಟ್ಟಿಲ್ಲ.