ಸಮತಲ ಮಾಳಿಗೆಯ ಸಂಧಿಪ್ರಕರಣ

ಸಂಜ್ಞೆ: ಬೇಸಿಗೆಯಲ್ಲಿ ಮೇಲೆ ಹಪ್ಪಳ ಒಣಗುವುದೂ ಮಳೆಗಾಲದಲ್ಲಿ ಕೆಳಗೆ ಬಕೆಟ್ ತುಂಬುವುದೂ ಯಾವುದರಿಂದಲೋ ಅದು ಮಾಳಿಗೆ. ಬೀದರಿನವರಿಗೆ ಮಾಳಿಗೆಯಾದದ್ದು ಬೆಂಗಳೂರಿನವರಿಗೆ ತಾರಸಿ, ಹೈದರಾಬಾದಿನವರಿಗೆ ಛತ್ತು, ಗುತ್ತಿಗೆದಾರನಿಗೆ ಸ್ಲ್ಯಾಬು. ಸೋರಿದಾಗ ಎಲ್ಲರ ಉದ್ಗಾರವೂ ಒಂದೇ.

ಕ್ಷೇತ್ರ: ಹೈದರಾಬಾದಿನ ಬಳಿಯ ಪಟಾನ್‌ಚೆರು. 11ನೆಯ ಶತಮಾನದ ಕಲ್ಯಾಣ ಚಾಲುಕ್ಯ ಅರಸ ಎರಡನೆಯ ಜಯಸಿಂಹನ ನೆಲೆವೀಡುಗಳಲ್ಲಿ ಒಂದಾದ ಪೊಟ್ಟಲಕೆರೆ ಇದೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಕನ್ನಡದ ಕೆರೆ ತೆಲುಗಿನಲ್ಲಿ ಚೆರುವು. ಭಾಷೆ ಬದಲಾದರೂ ಹೆಸರಿನ ನೀರು ಇಂಗಿಲ್ಲ. ಇಂಥ ಊರಿನಲ್ಲಿ ಚಪ್ಪಟೆ ಮಾಳಿಗೆ ಕಟ್ಟುವವರು ಒಂದನ್ನು ನೆನಪಿಡಬೇಕು: ನೀರು ಹೋಗುವ ಕಿಂಡಿ ಕಟ್ಟಿಕೊಂಡರೆ ಕೆರೆ ಮೇಲಕ್ಕೇ ಬರುತ್ತದೆ. 1,200 ಚದರಡಿಯ ಮೇಲೆ ಎರಡು ಅಂಗುಲ ನೀರು ನಿಂತರೆ ಸುಮಾರು 5,600 ಲೀಟರ್. ತೂಕದಲ್ಲಿ ಒಂದು ಪಟ್ಟದಾನೆ.

ಜಾತಿಭೇದ: ಮಾಳಿಗೆಯ ಹೊದಿಕೆ ಐದು ವಿಧ.

ಮೊದಲನೆಯದು ಮೃಣ್ಮಯ. ತೊಲೆ, ಜಂತೆ, ಅದರ ಮೇಲೆ ಕಡ್ಡಿ-ಸೊಪ್ಪು, ಅದರ ಮೇಲೆ ಮಣ್ಣು. ಬೀದರ್, ಕಲಬುರಗಿಯ ಹಳೆಯ ಮನೆಗಳದ್ದು. ಏಪ್ರಿಲ್ಲಿನಲ್ಲಿ ಇದರಷ್ಟು ತಂಪು ಬೇರೊಂದಿಲ್ಲ. ಆದರೆ ವರ್ಷವರ್ಷ ಹೊಸ ಮಣ್ಣು ಬೇಡುತ್ತದೆ. ಕೊಡದಿದ್ದರೆ ಹುಲ್ಲು ಬೆಳೆದು ತೋರಿಸುತ್ತದೆ.

ಎರಡನೆಯದು ಶಿಲಾಮಯ. ಶಹಾಬಾದಿನ, ತಾಂಡೂರಿನ ಸುಣ್ಣಕಲ್ಲಿನ ಪರಸಿ. ಕಲ್ಲು ಸೋರುವುದಿಲ್ಲ. ಎರಡು ಕಲ್ಲುಗಳ ನಡುವಿನ ಸ್ನೇಹ ಸೋರುತ್ತದೆ.

ಮೂರನೆಯದು ಇಷ್ಟಕಾಮಯ. ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರನ್ನು ಗಾರೆಯಲ್ಲಿ ಕೂರಿಸುವ ಕೋಬಾ. ಬಿಸಿಲನ್ನೂ ತಡೆಯುತ್ತದೆ, ಇಳಿಜಾರನ್ನೂ ಕೊಡುತ್ತದೆ. ಆದರೆ ಭಾರ ಹೆಚ್ಚು. ಒಮ್ಮೆ ಒಳಗೆ ನೀರು ಕುಡಿದರೆ ತಿಂಗಳುಗಟ್ಟಲೆ ಉಗುಳುತ್ತದೆ.

ನಾಲ್ಕನೆಯದು ಡಾಂಬರುಮಯ. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಹಾಳೆ. ಬೆಂಕಿ ತೋರಿಸಿ ಅಂಟಿಸುವುದು. ಹಗುರ, ಬೇಗ ಮುಗಿಯುವ ಕೆಲಸ. ಕರಿಬಣ್ಣದಿಂದಾಗಿ ಬಿಸಿಲಿಗೆ ಪರಮಮಿತ್ರ.

ಐದನೆಯದು ಶ್ವೇತ. ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಲೇಪ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಮಾಳಿಗೆಗಳಿಗೆಂದೇ ಒಂದು ನೀತಿ ತಂದಿದೆ. ಸೆಕೆಗೆ ಇದು ಮದ್ದು, ಬಿರುಕಿಗೆ ಅಲ್ಲ. ಸೋರುವ ಮಾಳಿಗೆಗೆ ಬರೀ ಸುಣ್ಣ ಬಳಿಯುವುದು ಜ್ವರದವನಿಗೆ ಪೌಡರ್ ಹಚ್ಚಿದಂತೆ.

ಸಂಧಿ: ಇವುಗಳಲ್ಲಿ ಶ್ರೇಷ್ಠ ಯಾವುದೆಂಬ ವಾದ ಅಂಗಡಿಯವರಿಗೆ ಬಿಟ್ಟದ್ದು. ಮಾಳಿಗೆ ಸೋರುವುದು ಹೆಚ್ಚಾಗಿ ಎರಡು ವಸ್ತು ಕೂಡುವಲ್ಲಿ. ಆದ್ದರಿಂದ ಸೋರಿಕೆಯೂ ವ್ಯಾಕರಣದಂತೆ ಮೂರು ಬಗೆ. ಪ್ಯಾರಪೆಟ್ಟೂ ಸ್ಲ್ಯಾಬೂ ಕೂಡುವಲ್ಲಿ ಗಾರೆ ಉದುರಿಹೋದರೆ ಲೋಪಸಂಧಿ. ಪೈಪೂ ಸ್ಲ್ಯಾಬೂ ಕೂಡುವಲ್ಲಿ, ಯಕಾರ ವಕಾರಗಳಂತೆ, ಇಲ್ಲದ ನೀರು ನಡುವೆ ಬಂದು ಸೇರಿದರೆ ಆಗಮಸಂಧಿ. ಕೋಬಾಕ್ಕೆ ಬದಲು ಡಾಂಬರು, ಡಾಂಬರಿಗೆ ಬದಲು ಬಣ್ಣ, ಬಣ್ಣಕ್ಕೆ ಬದಲು ತಾಡಪಾಲು ಬಂದರೆ ಆದೇಶಸಂಧಿ. ಕೊನೆಯದು ಮಧ್ಯಮವರ್ಗದಲ್ಲಿ ಪ್ರಚುರ.

ಅಪವಾದ: ಮಾಳಿಗೆಯ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡಿನ ಶೀಟು ಹೊದಿಸುವುದುಂಟು. ಅದು ಮಾಳಿಗೆಯಲ್ಲ, ಮಾಳಿಗೆ ಹಿಡಿದ ಕೊಡೆ.

ಸಿದ್ಧಾಂತ: ಸಾಮಗ್ರಿ ಆರಿಸುವ ಮೊದಲು ವಾಟ ಆರಿಸಿ. ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಕಿಂಡಿಯ ಕಡೆಗಿರಲಿ. ಪ್ಯಾರಪೆಟ್ಟಿನ ಬುಡಕ್ಕೆ ಗಾರೆಯನ್ನು ಗುಂಡಗೆ ತುಂಬಿ, ಹೊದಿಕೆಯನ್ನು ಗೋಡೆಗೆ ಒಂದು ಗೇಣು ಏರಿಸಿ. ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮೊದಲು ಕಿಂಡಿ ಮುಚ್ಚಿ, ಎರಡು ದಿನ ತೆಳ್ಳಗೆ ನೀರು ನಿಲ್ಲಿಸಿ, ಕೆಳಗಿನ ಕೋಣೆಯಲ್ಲಿ ಕೂತು ಮೇಲಕ್ಕೆ ನೋಡಿ. ಆಮೇಲೆ ಕಿಂಡಿ ತೆರೆಯುವುದನ್ನು ಮರೆಯಬೇಡಿ. ಪ್ರತಿವರ್ಷ ಮೃಗಶಿರಾ ಮಳೆಗೆ ಮುಂಚೆ ಒಂದು ಪೊರಕೆ ಹಿಡಿದು ಮೇಲೆ ಹತ್ತಿ. ಐದೂ ಹೊದಿಕೆಗಳಿಗಿಂತ ಅಗ್ಗವಾದದ್ದು ಆ ಪೊರಕೆಯೇ.