ಪರಾಕು ಹೇಳುವವರು ಬೇಕಾಗಿದ್ದಾರೆ

ಅಮೆರಿಕದಲ್ಲಿ ಮಧ್ಯಯುಗದ ರಾಜರ ಆಟವಾಡುವ ಸಂಘವೊಂದಿದೆ. 1966ರಲ್ಲಿ ಬರ್ಕ್‌ಲಿಯ ಒಂದು ಮನೆಯ ಹಿತ್ತಲಲ್ಲಿ ಹುಟ್ಟಿದ್ದು. ಬೆತ್ತದ ಕತ್ತಿ ಹಿಡಿದು ಬಡಿದಾಡಿ ಗೆದ್ದವನೇ ರಾಜ. ಹೆಚ್ಚುಕಡಿಮೆ ಆರು ತಿಂಗಳಿಗೆ ಇಳಿಯಬೇಕು. ಅವನ ಒಡ್ಡೋಲಗದಲ್ಲಿ ಹೆಸರು ಕೂಗಲು ಹೊಗಳುಭಟನೂ ಉಂಟು. ಗಟ್ಟಿ ಗಂಟಲು, ಹೆಸರು ತಪ್ಪದ ನಾಲಗೆ, ಬೇಗ ಮುಗಿಸುವ ಬುದ್ಧಿ ಇದ್ದರೆ ಅವನು ಗೆದ್ದ. ಪಾಪ, ಆಡುತ್ತಿರುವುದು ಆಟವೆಂದು ಗೊತ್ತಿರುವ ಜನ. ಸಂಜೆಯಾದರೆ ಕಿರೀಟವನ್ನು ಕಾರಿನ ಡಿಕ್ಕಿಗೆ ಹಾಕಿ ಮನೆಗೆ ಹೋಗುತ್ತಾರೆ.

ನಮ್ಮದು ಹಾಗಲ್ಲ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿತು. 1971ರಲ್ಲಿ ಮಾಜಿ ರಾಜರ ರಾಜಧನ ನಿಂತಿತು. 2012ರಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿ ತಮ್ಮನ್ನು ‘ಮಹಾಮಹಿಮ’ ಎನ್ನಬೇಡಿ ಎಂದರು. 2017ರ ಮೇ 1ಕ್ಕೆ ಕಾರಿನ ನೆತ್ತಿಯ ಕೆಂಪು ದೀಪವೂ ಇಳಿಯಿತು. ಹೀಗೆ ಒಂದೊಂದೇ ಕಿತ್ತುಕೊಂಡರೆ ದೊಡ್ಡವರು ದೊಡ್ಡವರೆಂದು ಊರಿಗೆ ಗೊತ್ತಾಗುವುದು ಹೇಗೆ? ಉಳಿದಿರುವುದು ಮೈಕ್ ಹಿಡಿದವನೊಬ್ಬನೇ.

ಮೈಸೂರಿನವರ ಲೆಕ್ಕ ಚೊಕ್ಕ. ದಸರೆಯ ಖಾಸಗಿ ದರ್ಬಾರಿನಲ್ಲಿ ರಾಜವಂಶದ ಯದುವೀರರು ಸಿಂಹಾಸನವೇರಿದಾಗ ಬಹುಪರಾಕ್ ಮೊಳಗುತ್ತದೆ. 2024ರಿಂದ ಅವರು ಸಂಸದರು ಕೂಡ. ನವರಾತ್ರಿಯಲ್ಲಿ ಪರಾಕು ಕೇಳುವುದು, ಮಿಕ್ಕ ದಿನ ಮತದಾರರಿಗೆ ಕೈ ಮುಗಿಯುವುದು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ನಮಗೆ ಪರಾಕು ವರ್ಷವಿಡೀ ಬೇಕು. ಚಿತ್ರದುರ್ಗದ ನಾಯಕರಿಗೆ ‘ಹಗಲು ಕಗ್ಗೊಲೆಯ ಮಾನ್ಯ’ ಎಂಬ ಬಿರುದಿತ್ತು. ಮಾಡಿದ್ದನ್ನು ಹಗಲಲ್ಲೇ ಮಾಡಿ, ಅದನ್ನೇ ಕೂಗಿಸಿಕೊಳ್ಳುವ ಪ್ರಾಮಾಣಿಕತೆ ಅದು! 1779ರಲ್ಲಿ ಕೋಟೆ ಹೈದರಾಲಿಯ ಪಾಲಾಯಿತು; ಬಿರುದಿನ ಚಟ ಮಾತ್ರ ನಮ್ಮ ಪಾಲಿಗೇ ಉಳಿಯಿತು. ಈಗ ಕೆರೆಯಂಗಳದಲ್ಲಿ ಜಾಲಿ ಬೆಳೆದ ಊರಿನಲ್ಲೂ ವೇದಿಕೆ ಹತ್ತಿದವರು ‘ಆಧುನಿಕ ಭಗೀರಥ’. 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಎಂದು ಘೋಷಿಸಿದರು. ಆಮೇಲೆ ಆ ಹಣಕ್ಕಾಗಿ ರಾಜ್ಯ ದಿಲ್ಲಿಯ ಬಾಗಿಲು ತಟ್ಟುತ್ತಾ ನಿಂತಿತು. ಪರಾಕು ಮೊದಲು, ನೀರು ಆಮೇಲೆ.

ಇಂಥ ಪರಾಕಿಗೆ ಜನರನ್ನು ಆರಿಸುವ ಕ್ರಮ ಹೀಗಿದೆ. ಗಂಟಲು ಹೇಗಿದ್ದರೂ ನಡೆದೀತು, ಸೌಂಡ್ ಬಾಕ್ಸ್ ಇದೆ. ಆದರೆ ಹಾಲಿ, ಮಾಜಿ, ಸೋತವರು, ಟಿಕೆಟ್ ಆಕಾಂಕ್ಷಿಗಳು ಎಂಬ ಮೆಟ್ಟಿಲಿನ ಕ್ರಮ ತಪ್ಪಬಾರದು. ಸಾಹೇಬರು ಇನ್ನೂ ಸ್ನಾನದ ಮನೆಯಲ್ಲಿರುವಾಗ ‘ಇನ್ನು ಕೆಲವೇ ಕ್ಷಣಗಳಲ್ಲಿ’ ಎಂದು ಬಿಸಿಲಲ್ಲಿ ಕೂತ ಜನರನ್ನು ಮಧ್ಯಾಹ್ನದವರೆಗೆ ಹಿಡಿದಿಡಬೇಕು. ಸರ್ಕಾರ ಬದಲಾದರೆ ಚೀಟಿಯಲ್ಲಿ ಹೆಸರಷ್ಟೇ ತಿದ್ದಬೇಕು, ವಿಶೇಷಣಗಳಿಗೆ ಪಕ್ಷಭೇದವಿಲ್ಲ.

‘ಆ ಮೇಷ್ಟ್ರ ಮಗ ಚೆನ್ನಾಗಿ ಮಾತಾಡ್ತಾನಲ್ಲಪ್ಪಾ, ಅವನನ್ನೇ ಕರೀರಿ’ ಎಂದು ಹಿರಿಯರು ಯಾರಾದರೂ ಅಂದರೆ ಉತ್ತರ ಸಿದ್ಧವಿರುತ್ತದೆ: ‘ಮಾತಾಡ್ತಾನೆ ಕಣಣ್ಣ, ಆದ್ರೆ ಮಧ್ಯೆ ಮಧ್ಯೆ ಪ್ರಶ್ನೆ ಕೇಳ್ತಾನೆ.’ ಅಲ್ಲಿಗೆ ಸಂದರ್ಶನ ಮುಗಿಯಿತು.

ಇದೇ ಸೀಮೆಯ ಗೌರಸಮುದ್ರದಲ್ಲಿ ಮಾರಮ್ಮನೂ ಇದ್ದಾಳೆ. ಭಾದ್ರಪದದ ಜಾತ್ರೆಯಲ್ಲಿ ಅವಳು ತುಮಲು ಎಂಬ ಜಾಗಕ್ಕೆ ಬರುವಾಗ ಆಂಧ್ರದಿಂದಲೂ ಬಂದು ನೆರೆದ ಜನ ಈರುಳ್ಳಿ ತೂರಿ ಹರಕೆ ತೀರಿಸುತ್ತಾರೆ. ಅಮ್ಮ ಯಾರೆಂದು ಪರಿಚಯಿಸಲು ನಿರೂಪಕ ಬೇಕಿಲ್ಲ, ಹಾಲಿ ಮಾಜಿಗಳ ಪಟ್ಟಿ ಬೇಕಿಲ್ಲ. ಕೆಲಸ ಮಾಡುವವಳೆಂಬ ನಂಬಿಕೆ ಇದ್ದಲ್ಲಿ ವಿಶೇಷಣಕ್ಕೆ ಖರ್ಚಿಲ್ಲ.

ಈ ಪದ್ಧತಿಯನ್ನು ನಮ್ಮ ವೇದಿಕೆಗಳಿಗೂ ವಿಸ್ತರಿಸಬಹುದೆಂದು ನನ್ನ ಸಲಹೆ. ಚಿತ್ರದುರ್ಗ ಜಿಲ್ಲೆಯಲ್ಲಿ ಈರುಳ್ಳಿಗೆ ಬರವಿಲ್ಲ. ಬೆಲೆ ಬಿದ್ದ ವರ್ಷ ರಸ್ತೆಗೆ ಸುರಿಯುವ ಬದಲು ವೇದಿಕೆಯತ್ತ ತೂರಿದರಾಯಿತು. ಬಂದ ಗಣ್ಯರು ಯಾರ್‍ಯಾರೆಂದು ಆಗ ಯಾರೂ ಕೂಗಬೇಕಾಗಿಲ್ಲ. ಯಾರು ಮೊದಲು ಓಡಿದರೆಂದು ನೋಡಿಕೊಂಡರೆ ಸಾಕು.