ಮಾಳಿಗೆ ಮನೆಯೂ ಭೀಮನ ಕುಣಿತವೂ: ಒಂದು ಗಹನ ಸಂಶೋಧನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಣ್ಣಿನ ಮಾಳಿಗೆ ಮನೆಗಳು ಬಿಸಿಲಿಗೆ ಅಂಜಿ ಕಟ್ಟಿದವು ಎಂಬುದು ವಿದ್ವಾಂಸರ ಮತ. ಈ ಪ್ರಬಂಧ ಅದನ್ನು ಉಗ್ರವಾಗಿ ಖಂಡಿಸುತ್ತದೆ. ಆ ಮನೆಗೆ ನಕ್ಷೆ ಬರೆದವನು ಈ ಸೀಮೆಯ ಬಯಲಾಟವಾದ ದೊಡ್ಡಾಟವನ್ನು ಹಾಡಿ ಆಡಿಸುವ ಭಾಗವತನೇ ಸೈ.

ಪ್ರಮಾಣ ಬೇಕೆ? ತಲೆಬಾಗಿಲು ದಾಟಿದರೆ ಎತ್ತು ಕಟ್ಟುವ ದಂದಕ್ಕಿ. ಅದಕ್ಕಿಂತ ಎತ್ತರದಲ್ಲಿ ಪಡಸಾಲೆ. ಒಂದು ಪ್ರೇಕ್ಷಾಗೃಹ, ಇನ್ನೊಂದು ರಂಗಸ್ಥಳ. ಬೆಳಕಿಂಡಿಯ ಬಿಸಿಲುಕೋಲು ಯಾರ ಮೋರೆಗೆ ಬೀಳುತ್ತದೋ ಅವನೇ ಕಥಾನಾಯಕ. ಪಡಸಾಲೆಯಲ್ಲಿ ಆಟದ ತಾಲೀಮು ನಡೆಯುವುದು ರಾತ್ರಿ ಉಂಡ ಮೇಲಲ್ಲವೇ, ಆಗ ಬಿಸಿಲೆಲ್ಲಿಯದು ಎಂದು ಪೂರ್ವಪಕ್ಷದವರು ಕೇಳಬಹುದು. ಅವರಿಗೆ ಬೇರೆ ಕೆಲಸವೇನಿದೆ!

ಹಗಲೆಲ್ಲ ಶೇಂಗಾ, ಮೆಕ್ಕೆಜೋಳದ ಹೊಲದಲ್ಲಿ ದುಡಿದ ರೈತ ರಾತ್ರಿ ಭೀಮನಾಗುತ್ತಾನೆ. ಸಂಬಳವಿಲ್ಲ. ಹಾರ್ಮೋನಿಯಂ ಮಾಸ್ತರರಿಗೆ, ಕಿರೀಟ ಭುಜಕೀರ್ತಿಗಳ ಬಾಡಿಗೆಗೆ ಪಟ್ಟಿ ಹಾಕಿ ಕೈಯಿಂದಲೇ ಕೊಡುತ್ತಾನೆ. ತಮ್ಮ ನಾಮಾಂಕಿತವೇನೆಂದು ಆಟದ ಸಾರಥಿ ಕೇಳಿದ್ದೇ ತಡ, ಗೆಜ್ಜೆ ಕಟ್ಟಿದ ಭೀಮ ಒಂದು ಸುತ್ತು ಎಗರಿದರೆ, ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹಾಕಿಸಿದ ಸವಳು ಮಣ್ಣು ಜಂತೆಯ ಸಂದಿಯಿಂದ ಬುಳುಬುಳು ಉದುರುತ್ತದೆ. ಮನೆಯಾಕೆ ರೊಟ್ಟಿಬುಟ್ಟಿಯನ್ನು ಸೆರಗಿನಡಿ ಎಳೆದುಕೊಳ್ಳುತ್ತಾಳೆ. ಎತ್ತುಗಳು ಮಾತ್ರ ಮೆಲುಕು ನಿಲ್ಲಿಸುವುದಿಲ್ಲ. ವಿಮರ್ಶಕರಲ್ಲಿ ಇಷ್ಟು ಸಂಯಮ ಅಪರೂಪ.

ಈ ಹುಚ್ಚು ದೊಡ್ಡವರನ್ನೂ ಬಿಟ್ಟಿಲ್ಲ. ಹಡಗಲಿಯ ಎಂ.ಪಿ. ಪ್ರಕಾಶ್ ವಕೀಲರಾದರು, ಮಂತ್ರಿಯಾದರು, ಉಪಮುಖ್ಯಮಂತ್ರಿಯೂ ಆದರು. ಅಷ್ಟಾದರೂ ಊರಿನ ರಂಗಸಂಸ್ಥೆ ರಂಗಭಾರತಿಯ ನಂಟು ಬಿಡಲಿಲ್ಲ. ಚಿಗಟೇರಿಯ ಮುದೇನೂರ ಸಂಗಣ್ಣ ನಾಟಕ ಬರೆದರು, ಜನಪದರ ಬೆನ್ನು ಹತ್ತಿದರು.

ವೇಷ ಬದಲಿಸುವುದರಲ್ಲಿ ಮಾತ್ರ ಹರಪನಹಳ್ಳಿಯನ್ನು ಮೀರಿಸಿದ ನಟನಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರದ ಪಾಲಾಯಿತು. ಪಡಸಾಲೆಯ ಕಂಬ ಒಂದಂಗುಲವೂ ಕದಲಲಿಲ್ಲ.

ಸಿದ್ಧಾಂತಕ್ಕೆ ಕೊನೆಯ ಪುರಾವೆಯನ್ನು ಹೊಸ ಆರ್‌ಸಿಸಿ ಮನೆಗಳು ಕೊಡುತ್ತಿವೆ. ಅಲ್ಲಿ ದಂದಕ್ಕಿಯೂ ಇಲ್ಲ, ಎತ್ತೂ ಇಲ್ಲ. ನುಣುಪು ಟೈಲ್ಸ್ ಮೇಲೆ ಗೆಜ್ಜೆಗಾಲಿಟ್ಟ ಭೀಮ ಗದಾಯುದ್ಧಕ್ಕೆ ಮೊದಲೇ ಜಾರಿ ಬೀಳುತ್ತಾನೆ. ಹಾಗಾಗಿ ತಾಲೀಮು ಈಗ ಗುಡಿಯ ಕಟ್ಟೆಗೆ ಹೋಗಿದೆ. ಮನೆ ಕಟ್ಟಿಸುವವರು ಮೇಸ್ತ್ರಿಯ ಜೊತೆಗೆ ಭಾಗವತರನ್ನೂ ಒಂದು ಮಾತು ಕೇಳುವುದು ಒಳ್ಳೆಯದು.